ಹಾಲುಗೂಸಿನ ಧ್ವನಿತಂತುವಿನ ಚಲನೆ ನಿಂತಾಗ: ನೋಡುವ ಬಗೆ, ಹಾಲೂಡುವ ಬಗೆ

ಪಿಡಿಎ ನಾಳ (ಹುಟ್ಟಿದ ಮೇಲೂ ಮುಚ್ಚದೆ ಉಳಿದ, ಹೃದಯದ ಬಳಿಯ ರಕ್ತನಾಳ) ಕಟ್ಟಿದ ಮೇಲೆ ಕೂಸಿನ ಅಳು ಗಾಳಿ ಸೋರುವ ಪೀಪಿಯಂತಾದರೆ ನಾನು ಮೊದಲು ಅನುಮಾನಿಸುವುದು ಎಡ ಧ್ವನಿತಂತುವನ್ನು. ಅದರ ನರ ಎದೆಗಿಳಿದು, ಮಹಾಪಧಮನಿಯ ಕಮಾನಿನಡಿ ಆ ನಾಳವನ್ನು ಒರಸಿಕೊಂಡೇ ಸುತ್ತಿ ಮೇಲೇರುತ್ತದೆ. ಕ್ಲಿಪ್ ಹಾಕುವಾಗ ಪೆಟ್ಟು ಬೀಳುವುದು ಅಲ್ಲೇ. ಎರಡೂ ತಂತು ನಿಂತ ಕೂಸು ಮಾತ್ರ ಮೋಸ ಮಾಡುತ್ತದೆ: ತಂತುಗಳು ನಡುವೆಯೇ ಒತ್ತೊತ್ತಾಗಿ ನಿಂತಿರುವುದರಿಂದ ಅಳು ಚೆನ್ನಾಗಿಯೇ ಇರುತ್ತದೆ, ಉಸಿರೆಳೆದಾಗ ಕೀರಲು ಸದ್ದು, ಪಕ್ಕೆಯಲ್ಲಿ ಗುಳಿ. ಅದು ತುರ್ತು. ಉಸಿರಿನ ದಾರಿ ಭದ್ರವಾದ ಮೇಲೆ ಮಿದುಳಿನ ಎಂಆರ್‌ಐ ಮಾಡಿಸಲೇಬೇಕು, ಕಿಯಾರಿ ದೋಷ (ಕಿರುಮಿದುಳಿನ ತುದಿ ಕುತ್ತಿಗೆಯತ್ತ ಇಳಿದಿರುವುದು) ಅಡಗಿರಬಹುದು.

ಸ್ಕೋಪಿ (ಮೂಗಿನಿಂದ ಕ್ಯಾಮೆರಾ ನಳಿಕೆ ಇಳಿಸಿ ತಂತು ನೋಡುವುದು) ಮಾಡುವುದು ಕೂಸು ಎಚ್ಚರವಿರುವಾಗಲೇ, 2.2ರಿಂದ 2.8 ಮಿಮೀ ಬಳುಕುವ ಸ್ಕೋಪ್‌ನಲ್ಲಿ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ನರ್ಸ್ ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ. ಕಾಲಿಗೆ ಆಕ್ಸಿಜನ್ ಪ್ರೋಬ್, ಪಕ್ಕದಲ್ಲಿ ಸಕ್ಷನ್. ಗಂಟಲಿಗೆ ಮರಗಟ್ಟಿಸುವ ಲಿಗ್ನೋಕೇನ್ ಹೊಡೆಯುವುದಿಲ್ಲ. 10% ಸ್ಪ್ರೇಯ ಒಂದು ಚಿಮುಕಿನಲ್ಲೇ 10 ಮಿಗ್ರಾಂ ಇರುತ್ತದೆ, 3 ಕೆಜಿ ಕೂಸಿಗೆ ಅಷ್ಟರಲ್ಲೇ ಮಿತಿ ಹತ್ತಿರ ಬಂದುಬಿಡುತ್ತದೆ. ಜತೆಗೆ ಮರಗಟ್ಟಿದ ಗಂಟಲು ಇನ್ನಷ್ಟು ಜೋತುಬಿದ್ದು ತಂತುವನ್ನೇ ಮರೆಮಾಡುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಸತ್ವವಿಲ್ಲದ ತಂತುವೂ ಅಲ್ಲಾಡುತ್ತದೆ. ಉಸಿರೆಳೆದಾಗ ಗಾಳಿ ಅದನ್ನು ಒಳಕ್ಕೆ ಹೀರುತ್ತದೆ, ಬಿಟ್ಟಾಗ ಹೊರಕ್ಕೆ ತಳ್ಳುತ್ತದೆ. ಸರಿಯಿದ್ದರೆ ಉಸಿರೆಳೆದಾಗ ತೆರೆಯಬೇಕು. ಅದಕ್ಕೇ ಒಬ್ಬರು ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಪ್ರತಿ ಸಲ ಉಸಿರೆಳೆದಾಗಲೂ ‘ಒಳಗೆ’, ‘ಒಳಗೆ’ ಎಂದು ಕೂಗಬೇಕು. ಆ ದನಿಯ ಸಮೇತ ವಿಡಿಯೊ ಹಿಡಿದು ನಿಧಾನಗತಿಯಲ್ಲಿ ನೋಡುತ್ತೇವೆ. ಬಹಳ ದಿನ ವೆಂಟಿಲೇಟರ್ ಟ್ಯೂಬ್ ಇದ್ದ ಕೂಸಾದರೆ ತಂತುವಿನ ಕೀಲೇ ಅಂಟಿಕೊಂಡಿರಲೂ ಸಾಕು. ಅರಿವಳಿಕೆ ಕೊಟ್ಟು ಆರಿಟಿನಾಯ್ಡ್ (ತಂತುವಿನ ಹಿಂತುದಿ ಅಂಟಿರುವ ಪುಟ್ಟ ಮೃದ್ವಸ್ಥಿ) ಅನ್ನು ಕಡ್ಡಿಯಿಂದ ಮೆಲ್ಲಗೆ ತಳ್ಳಿ ನೋಡಿದರೆ ತಿಳಿಯುತ್ತದೆ.

ಎಡ ತಂತು ನಿಂತಿದ್ದರೆ ಹಾಲೂಡಿಸುವಾಗ ಬಲ ಮಗ್ಗುಲಿಗೆ ಮಲಗಿಸಿ, ತಲೆ ಎತ್ತರಿಸಿ. ನಿಂತ ಎಡಭಾಗ ಮೇಲಾಗಿ, ಹಾಲು ಕೆಲಸ ಮಾಡುವ ಕಡೆಯಿಂದ ಜಾರುತ್ತದೆ. ಒಳಲೆಯ ಮೂತಿ ಕೆಳತುಟಿಯ ಮೂಲೆಗೆ ತಾಗಬೇಕು, ಹಾಲು ತುಟಿಯವರೆಗೆ ಬರಬೇಕು, ಉಳಿದದ್ದು ಕೂಸಿನ ನಾಲಿಗೆಯ ಕೆಲಸ. ಅಜ್ಜಿಯಂದಿರು ಒಳಲೆಯನ್ನು ಬಗ್ಗಿಸಿ ಸುರಿಯುವ ರೀತಿ ಇಲ್ಲಿ ಅಪಾಯ. ಮೂರ್ನಾಲ್ಕು ಗುಟುಕಿಗೆ ಒಳಲೆ ತಗ್ಗಿಸಿ, ಕೂಸು ಎರಡು ಉಸಿರು ಎಳೆದುಕೊಳ್ಳಲು ಬಿಡಿ. ಮೊದಲ ದಿನ ಬಾಯಿಂದ 5 ಎಂಎಲ್ ಸಾಕು, ಉಳಿದದ್ದು ಮೂಗಿನ ನಳಿಕೆಯಿಂದ. ಕೆಮ್ಮಲಿಲ್ಲ ಎಂದು ನಿರಾಳವಾಗಬೇಡಿ, ಹಾಲು ಸದ್ದಿಲ್ಲದೆಯೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಣ್ಣಲ್ಲಿ ನೀರು, ಗೊರಗೊರ ದನಿ, ಆಕ್ಸಿಜನ್ ಇಳಿತ ಕಂಡರೆ ನಿಲ್ಲಿಸಿ, ವಿಡಿಯೊಫ್ಲೋರೊಸ್ಕೋಪಿ (ನುಂಗುವುದನ್ನು ತೋರಿಸುವ ಎಕ್ಸ್‌ರೇ ವಿಡಿಯೊ) ಮಾಡಿಸಿ. ಅವಧಿಗೆ ಮುಂಚೆ ಹುಟ್ಟಿದವಕ್ಕೆ ಜಾಂಥನ್ ಗಮ್ ಪುಡಿಯಿಂದ ಹಾಲು ಗಟ್ಟಿ ಮಾಡಬೇಡಿ, ಕರುಳು ಕೊಳೆಯುವ ಭಯವಿದೆ. ಹರಳೆಣ್ಣೆ ಬಾಯಿಗೆ ಬೇಡವೇ ಬೇಡ.

ಎರಡೂ ತಂತು ನಿಂತಿದ್ದರೆ ಟ್ರೇಕಿಯಾಸ್ಟಮಿ (ಉಸಿರಿಗಾಗಿ ಕತ್ತಿನಲ್ಲಿ ತೂತು ಮಾಡುವುದು) ಬೇಕಾದೀತು, ಆದರೆ ಉಸಿರಿನ ದಾರಿ ಅಗಲಿಸಲು ತಂತು ಕತ್ತರಿಸುವ ಆತುರ ಮೊದಲ ವರ್ಷ ಬೇಡ. ನರ ತಾನಾಗಿ ಚೇತರಿಸುವುದುಂಟು, ಕತ್ತರಿಸಿದ್ದು ಮರಳದು. ಒಂದೇ ತಂತುವಿನದಾದರೆ ಮೂರು, ಆರು, ಹನ್ನೆರಡನೇ ತಿಂಗಳಿಗೆ ಮತ್ತೆ ಸ್ಕೋಪಿ. ಅಷ್ಟರಲ್ಲಿ ಅಳು ಜೋರಾಗಿರುತ್ತದೆ, ಮನೆಯವರು ವಾಸಿಯಾಯಿತೆನ್ನುತ್ತಾರೆ. ಎಷ್ಟೋ ಸಲ ಬಲ ತಂತು ನಡುಗೆರೆ ದಾಟಿ ಎಡಕ್ಕೆ ತಾಗುತ್ತಿರುತ್ತದೆ ಅಷ್ಟೆ. ಹಾಗಾಗಿ ಡಿಸ್ಚಾರ್ಜ್ ಚೀಟಿಯ ಮೊದಲ ಸಾಲಲ್ಲೇ ‘ಎಡ ತಂತು ಚಲಿಸುತ್ತಿಲ್ಲ’ ಎಂದು ಬರೆಯುತ್ತೇನೆ. ಮುಂದಿನ ಆಪರೇಷನ್‌ಗೆ ಅರಿವಳಿಕೆ ಕೊಡುವವರು ಅದನ್ನು ನೋಡಿ ಒಂದು ಸೈಜ್ ಸಣ್ಣ ಟ್ಯೂಬನ್ನೂ ಎತ್ತಿಟ್ಟುಕೊಳ್ಳಲಿ ಎಂದು.