ಮ್ಯಾಗಜೀನ್ ಕೂರುತ್ತಿಲ್ಲವೇ? ಬಲ ಹಾಕುವ ಮುಂಚೆ ಇಷ್ಟು ನೋಡಿ

ಜೋಗದಲ್ಲಿ ಮಂಜು ಸರಿಯಲಿ ಅಂತ ಕಾದು ನಿಂತಿರುತ್ತೀರಿ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಮ್ಮೆಗೇ ಕಂಡವು, ಕಪ್ಪು-ಬಿಳುಪಿನ ಮ್ಯಾಗಜೀನ್ (ಕ್ಯಾಮೆರಾದ ಹಿಂದೆ ಕೂರುವ ಫಿಲ್ಮ್ ಡಬ್ಬಿ) ತೆಗೆದು ಕಲರ್ ಹಾಕೋಣ ಅಂತ ಕೈ ಹಾಕಿದರೆ ಅದು ಬಾಡಿಯಿಂದ ಬಿಟ್ಟು ಬರುವುದೇ ಇಲ್ಲ. ಆಗ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ, ಸ್ವಲ್ಪ ಜೋರಾಗಿ ಎಳೆಯುವುದು. ದಯವಿಟ್ಟು ಎಳೆಯಬೇಡಿ.

ಹಾಸೆಲ್‌ಬ್ಲಾಡ್ 500 ಸರಣಿಯ ಕ್ಯಾಮೆರಾಗಳಲ್ಲಿ ಮ್ಯಾಗಜೀನ್ ಬರುತ್ತಿಲ್ಲ, ಕೂರುತ್ತಿಲ್ಲ, ಹಾಕಿದ ಮೇಲೆ ಕ್ಲಿಕ್ ಆಗುತ್ತಿಲ್ಲ ಅಂದರೆ ಬಹಳ ಸಲ ಏನೂ ಕೆಟ್ಟಿರುವುದಿಲ್ಲ. ಫಿಲ್ಮಿಗೆ ಬೆಳಕು ತಾಗದಿರಲಿ ಅಂತ ಕ್ಯಾಮೆರಾ ತಾನೇ ಬೀಗ ಹಾಕಿಕೊಂಡಿರುತ್ತದೆ. ಅದು ಯಾವ ಬೀಗ ಅಂತ ಗೊತ್ತಾದರೆ ತೆಗೆಯುವುದು ಕ್ಷಣದ ಕೆಲಸ. ಗೊತ್ತಾಗದೆ ತಿರುಚಿದರೆ ಕೊಕ್ಕೆ ಬಾಗುತ್ತದೆ, ಆಮೇಲೆ ರಿಪೇರಿಗೆ ಬೆಂಗಳೂರಿಗೇ ಕಳಿಸಬೇಕಾಗಬಹುದು. ಇಲ್ಲಿ ಹೇಳುತ್ತಿರುವುದು 500 ಸಿ/ಎಂ ಬಾಡಿ ಮತ್ತು ಎ12 ಮ್ಯಾಗಜೀನ್ ಬಗ್ಗೆ. 120 ಅನ್ನುವ ಅಗಲ ಫಿಲ್ಮಿನ ರೋಲಿನಲ್ಲಿ 12 ಚೌಕ ಫೋಟೊ ಬರುತ್ತವಲ್ಲ, ಅದೇ.

ಮೊದಲು ಡಾರ್ಕ್ ಸ್ಲೈಡ್ ನೋಡಿ

ಮ್ಯಾಗಜೀನ್ ಬಿಚ್ಚಬೇಕಾದರೆ ಡಾರ್ಕ್ ಸ್ಲೈಡ್, ಅಂದರೆ ಫಿಲ್ಮಿನ ಮುಂದೆ ಬೆಳಕು ತಡೆಯುವ ತೆಳು ತಗಡು, ಪೂರ್ತಿ ಒಳಗಿರಬೇಕು. ಮುಕ್ಕಾಲು ಭಾಗ ಹೋಗಿದೆ ಅಂದರೆ ಸಾಲದು. ಕೊನೆಯ ಒಂದೆರಡು ಮಿಲಿಮೀಟರ್ ಹೊರಗೆ ಉಳಿದಿದ್ದರೂ ಮೇಲಿನ ಲಾಕ್ ಬಟನ್ ಅಲುಗುವುದಿಲ್ಲ. ಸ್ಲೈಡಿನ ಹಿಡಿ ಹಿಡಿದು ನೇರವಾಗಿ, ಒಂದು ಮೂಲೆ ಮುಂದೆ ಹೋಗದ ಹಾಗೆ, ಒಂದೇ ಸಮನೆ ಒತ್ತಿ. ಒಳಗೆ ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಈಗ ಬಟನ್ ಬಲಕ್ಕೆ ಸರಿಸಿ, ಮ್ಯಾಗಜೀನಿನ ಮೇಲ್ಭಾಗವನ್ನು ಹಿಂದಕ್ಕೆ ವಾಲಿಸಿ, ಆಮೇಲೆ ಕೆಳಗಿನಿಂದ ಎತ್ತಿಕೊಳ್ಳಿ.

ಇದರ ಇನ್ನೊಂದು ಮುಖವೂ ಇದೆ. ಸ್ಲೈಡ್ ಒಳಗಿದ್ದರೆ ಶಟರ್ ಬೀಳುವುದಿಲ್ಲ. ಮ್ಯಾಗಜೀನ್ ಹಾಕಿದ್ದೇನೆ, ಶಟರ್ ಬಟನ್ ಒತ್ತಿದರೆ ಕಲ್ಲಿನ ಹಾಗೆ ಕೂತಿದೆ ಅನ್ನುವವರು ಮೊದಲು ಎಡಗಡೆ ನೋಡಿ. ಸ್ಲೈಡ್ ಅಲ್ಲೇ ಇದ್ದರೆ ತೆಗೆಯಿರಿ, ಮುಗಿಯಿತು. ತೆಗೆದ ಸ್ಲೈಡ್ ಇಡುವುದಕ್ಕೆ ಬ್ಯಾಗಿನಲ್ಲಿ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಕೊಡಚಾದ್ರಿ ಹತ್ತುವಾಗ ಅದು ಜೇಬಿನಿಂದ ಜಾರಿ ಬಿದ್ದರೆ, ಅದೇ ಸರಣಿಯ ಇನ್ನೊಂದು ಸ್ಲೈಡ್ ಸಿಗುವ ತನಕ ಆ ಮ್ಯಾಗಜೀನ್ ಬಿಚ್ಚುವ ಹಾಗಿಲ್ಲ.

ಕೆಂಪು, ಬಿಳಿ

ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಕ್ಯಾಮೆರಾದ ಬಲಗಡೆ, ಬಾಡಿಯಲ್ಲಿ ಒಂದು ಪುಟ್ಟ ಕಿಂಡಿ, ಅದರ ಪಕ್ಕದಲ್ಲೇ ಮ್ಯಾಗಜೀನಿನಲ್ಲಿ ಇನ್ನೊಂದು. ಎರಡರಲ್ಲೂ ಕೆಂಪು ಅಥವಾ ಬಿಳಿ ಕಾಣುತ್ತದೆ. ಬಾಡಿಯಲ್ಲಿ ಬಿಳಿ ಅಂದರೆ ಶಟರ್ ಎಳೆದು ತಯಾರಾಗಿದೆ. ಮ್ಯಾಗಜೀನಿನಲ್ಲಿ ಬಿಳಿ ಅಂದರೆ ಹೊಸ ಫ್ರೇಮ್ ಬಂದು ಕೂತಿದೆ. ಕೆಂಪು ಅಂದರೆ ಇನ್ನೂ ಆಗಿಲ್ಲ. ಎರಡೂ ಒಂದೇ ಬಣ್ಣ ಇದ್ದಾಗ ಜೋಡಿಸಿದರೆ ಯಾವ ತಕರಾರೂ ಇಲ್ಲ.

ಬಾಡಿ ಕೆಂಪು, ಮ್ಯಾಗಜೀನ್ ಬಿಳಿ ಇದೆಯಾ? ಹಾಗೇ ಜೋಡಿಸಿ ಕ್ರ್ಯಾಂಕ್ (ಬಲಗಡೆಯ ತಿರುಗಿಸುವ ಹಿಡಿ) ತಿರುಗಿಸಿದರೆ ಬಾಡಿಯ ಜೊತೆ ಫಿಲ್ಮೂ ಮುಂದಕ್ಕೆ ಹೋಗಿ ಒಂದು ಫ್ರೇಮ್ ಸುಮ್ನೆ ಖಾಲಿ ಹೋಗುತ್ತದೆ. ಅದಕ್ಕೇ ಮ್ಯಾಗಜೀನ್ ಪಕ್ಕಕ್ಕಿಟ್ಟು, ಬರೀ ಬಾಡಿಯ ಕ್ರ್ಯಾಂಕ್ ತಿರುಗಿಸಿ ಬಿಳಿ ಮಾಡಿಕೊಂಡು ಆಮೇಲೆ ಹಾಕಿ. ಉಲ್ಟಾ ಇದ್ದರೆ, ಅಂದರೆ ಬಾಡಿ ಬಿಳಿ, ಮ್ಯಾಗಜೀನ್ ಕೆಂಪು, ಆಗ ಇನ್ನೂ ಹುಷಾರಾಗಿರಿ. ಅಲ್ಲಿ ಕೂತಿರುವುದು ಆಗಲೇ ತೆಗೆದ ಫ್ರೇಮ್. ಹಾಗೇ ಕ್ಲಿಕ್ ಮಾಡಿದರೆ ಒಂದರ ಮೇಲೊಂದು ಫೋಟೊ ಬೀಳುತ್ತದೆ. ಮ್ಯಾಗಜೀನ್ ಇಲ್ಲದ ಬಾಡಿಯನ್ನು ಒಮ್ಮೆ ಕ್ಲಿಕ್ ಮಾಡಿ ಕೆಂಪಿಗೆ ತನ್ನಿ, ಜೋಡಿಸಿ, ಆಮೇಲೆ ಕ್ರ್ಯಾಂಕ್ ತಿರುಗಿಸಿ. ಎರಡೂ ಒಟ್ಟಿಗೆ ಬಿಳಿಗೆ ಬರುತ್ತವೆ. ಇದಿಷ್ಟನ್ನು ಮನೆಯಲ್ಲಿ ಖಾಲಿ ಮ್ಯಾಗಜೀನ್ ಇಟ್ಟುಕೊಂಡು ಕೈಗೆ ರೂಢಿ ಮಾಡಿಕೊಳ್ಳಿ. ಆಗುಂಬೆಯ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಕಲಿಯುವ ವಿಷಯ ಇದಲ್ಲ.

ಬಣ್ಣ ಸರಿ ಇದ್ದರೂ ಕೂರುತ್ತಿಲ್ಲ ಅಂದರೆ

ಆಗ ಕೆಳಗಿನ ಕೊಕ್ಕೆ ನೋಡಿ. ಬಾಡಿಯ ಹಿಂಬದಿ ತಳದಲ್ಲಿ ಮ್ಯಾಗಜೀನನ್ನು ಹೊರುವ ಎರಡು ಚಾಚುಗಳಿವೆ. ಮೊದಲು ಮ್ಯಾಗಜೀನಿನ ತಳ ಅವುಗಳ ಮೇಲೆ ಸರಿಯಾಗಿ ಕೂರಬೇಕು, ಆಮೇಲೆ ಮೇಲ್ಭಾಗ ಬಾಡಿಗೆ ಒರಗಬೇಕು, ಬಾಗಿಲು ಮುಚ್ಚಿದ ಹಾಗೆ. ಬಟನ್ ಬಲಕ್ಕೆ ಸರಿಸಿ ಹಿಡಿದು ಮೇಲ್ಭಾಗ ಒತ್ತಿ ಬಿಟ್ಟರೆ ಲಾಕ್ ಬೀಳುತ್ತದೆ. ಅವಸರದಲ್ಲಿ ಒಂದು ಚಾಚು ಮಾತ್ರ ಸಿಕ್ಕಿ ಇನ್ನೊಂದು ತಪ್ಪಿದರೆ ಮೇಲೆ ಕಿರುಬೆರಳಿನ ಉಗುರಿನಷ್ಟು ಸಂದು ಉಳಿದುಬಿಡುತ್ತದೆ. ಎಷ್ಟು ಒತ್ತಿದರೂ ಅದು ಮುಚ್ಚುವುದಿಲ್ಲ, ಪೂರ್ತಿ ತೆಗೆದು ಹೊಸದಾಗಿ ಇಡಬೇಕು. ಹೊರಗೆ ಓಡಾಡಿ ಬಂದಿದ್ದರೆ ಚಾಚಿನ ಸುತ್ತ ಮರಳು, ಕಸ ಸೇರಿದೆಯಾ ಅಂತಲೂ ನೋಡಿ, ಮೆತ್ತನೆ ಬ್ರಷ್ ಸಾಕು. ಆ ಹೊತ್ತಿನಲ್ಲಿ ಬಾಡಿಯ ಹಿಂದಿನ ಶಟರ್ ರೆಕ್ಕೆಗಳಿಗೆ ಮಾತ್ರ ಬೆರಳು ತಾಗಿಸಬೇಡಿ.

ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಇನ್ನೊಂದು ಕೆಲಸ ಇದೆ. ಹೊರ ಕವಚದ ಸೀರಿಯಲ್ ನಂಬರಿನ ಕೊನೆಯ ಮೂರು ಅಂಕಿ ಒಳಗಿನ ಇನ್ಸರ್ಟಿನ (ಫಿಲ್ಮ್ ಹಿಡಿಯುವ, ಹೊರಗೆ ಎಳೆಯಬಹುದಾದ ಭಾಗ) ಮೇಲೂ ಇರುತ್ತದೆ. ಎರಡೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಯಾರೋ ಎರಡು ಮ್ಯಾಗಜೀನಿನ ಇನ್ಸರ್ಟ್ ಅದಲು ಬದಲು ಮಾಡಿದ್ದಾರೆ ಅಂತ ಅರ್ಥ. ಕೆಲಸ ಮಾಡಿದರೂ ಮಾಡೀತು, ಆದರೆ ಫ್ರೇಮುಗಳ ಮಧ್ಯದ ಅಂತರ ಏರುಪೇರಾಗಬಹುದು. ಕೊಳ್ಳುವ ಮುಂಚೆ ಈ ಫೋಟೊ ಕೇಳಿ ತರಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ರೋಲ್ ಅರ್ಧದಲ್ಲಿರುವಾಗ ಇನ್ಸರ್ಟ್ ಹೊರಗೆ ಎಳೆಯಬೇಡಿ, ಬೆಳಕು ಬೀಳುವುದರ ಜೊತೆಗೆ ಫ್ರೇಮ್ ಎಣಿಕೆಯೂ ಮೊದಲಿಗೇ ಹೋಗುತ್ತದೆ.

ಮಲೆನಾಡಿನ ಥಂಡಿ ಮಾಡುವ ಕೆಲಸ

ಸ್ಲೈಡ್ ಹೋಗುವ ಸೀಳಿನೊಳಗೆ ಬೆಳಕು ತಡೆಯುವ ಒಂದು ಸೀಲ್ ಇದೆ, ಫೋಮ್ ಮತ್ತು ತೆಳು ಹಾಳೆಯದ್ದು. ಸ್ಲೈಡ್ ಹೊರಗಿದ್ದಾಗ ಆ ಸೀಳನ್ನು ಮುಚ್ಚುವುದು ಇದೇ. ವರ್ಷ ಕಳೆದ ಹಾಗೆ ಫೋಮ್ ಸತ್ತುಹೋಗುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನ ಬಟ್ಟೆಯೇ ಬೂಸಲು ಹಿಡಿಯುತ್ತದೆ, ಇನ್ನು ಫೋಮ್ ಯಾವ ಲೆಕ್ಕ? ಮಾಮಿಯಾ ಆರ್‌ಬಿ67ರಂಥ ಕ್ಯಾಮೆರಾಗಳಲ್ಲಿ ಹಳೇ ಫೋಮ್ ಕರಗಿ ಅಂಟಂಟಾಗಿ ಬ್ಯಾಕ್ (ಅವುಗಳ ಮ್ಯಾಗಜೀನ್) ಕಿತ್ತುಕೊಳ್ಳುವುದೇ ಕಷ್ಟವಾಗುತ್ತದೆ. ಅದನ್ನು ಮರದ ಕಡ್ಡಿ ಮತ್ತು ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ತೆಗೆದು ಹೊಸ ಫೋಮ್ ಅಂಟಿಸಬಹುದು.

ಸೀಲ್ ಹೋಗಿದೆಯಾ ಅಂತ ತಿಳಿಯಲು ಒಂದು ರೋಲ್ ಖರ್ಚು ಮಾಡಿ, ಇದಕ್ಕೆ ಜಿಪುಣತನ ಬೇಡ. ಸ್ಲೈಡ್ ತೆಗೆದು, ಸೀಳಿನ ಕಡೆ ಬಿಸಿಲು ಬೀಳುವ ಹಾಗೆ ಕ್ಯಾಮೆರಾ ಸ್ವಲ್ಪ ಹೊತ್ತಿಟ್ಟು ಮೊದಲ ಆರು ಫ್ರೇಮ್ ತೆಗೆಯಿರಿ. ಉಳಿದ ಆರನ್ನು ಸೀಳಿನ ಮೇಲೆ ಕಪ್ಪು ಟೇಪ್ ಹಚ್ಚಿ ತೆಗೆಯಿರಿ. ಮೊದಲ ಆರರಲ್ಲಿ ಮಾತ್ರ ಅಂಚಿನಿಂದ ಒಳಕ್ಕೆ ಬೆಳಕಿನ ಗೆರೆ ಬಂದಿದ್ದರೆ ಸೀಲ್ ಬದಲಿಸಲೇಬೇಕು. ಅಲ್ಲಿಯ ತನಕ ಟೇಪ್ ಹಚ್ಚಿಕೊಂಡೇ ಕೆಲಸ ನಡೆಸಬಹುದು.

1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಓಡಾಡಿ ಫೋಟೊ ತೆಗೆದ ಹಾಸೆಲ್‌ಬ್ಲಾಡ್ ಕ್ಯಾಮೆರಾವನ್ನು ತೂಕ ಉಳಿಸಲು ಅಲ್ಲೇ ಬಿಟ್ಟು, ಫಿಲ್ಮ್ ಮ್ಯಾಗಜೀನ್ ಮಾತ್ರ ಹೊತ್ತು ತಂದರು. ಬೆಲೆ ಇರುವುದು ಯಾವುದಕ್ಕೆ ಅಂತ ಅವರಿಗೆ ಗೊತ್ತಿತ್ತು. ನಾವು ಅದನ್ನು ಚರ್ಮದ ಕೇಸಿನಲ್ಲಿ ಹಾಕಿ ಬೀರುವಿನ ಮೂಲೆಯಲ್ಲಿ ಇಡುತ್ತೇವೆ, ಮಳೆಗಾಲದಲ್ಲಿ ಚರ್ಮಕ್ಕೇ ಮೊದಲು ಬೂಸಲು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಮಾತ್ರ. ತಿಂಗಳುಗಟ್ಟಲೆ ಇಡುವ ಖಾಲಿ ಮ್ಯಾಗಜೀನಿನಿಂದ ಸ್ಲೈಡ್ ಹೊರಗೆ ತೆಗೆದಿಡಿ, ಸೀಲ್ ಅಪ್ಪಚ್ಚಿಯಾಗುವುದಿಲ್ಲ. ಫಿಲ್ಮ್ ಇದ್ದರೆ ಸ್ಲೈಡ್ ಒಳಗೇ ಇರಲಿ.