ಅರಿಶಿನದ ಕೈ ಹೋದ ದಾರಿ

ಎರಡು ವರ್ಷದ ಹಿಂದಿನ ಮಾತು. ಮಳೆಗಾಲದ ಒಂದು ಬೆಳಿಗ್ಗೆ ಹಾಗಲಕಾಯಿ ಹೋಳಿಗೆ ಉಪ್ಪು, ಅರಿಶಿನ ಹಚ್ಚಿ ಹಿಸುಕುತ್ತಾ ನಿಂತಿದ್ದೆ. ಬೆಲ್ ಆಯಿತು. ಕೈಯನ್ನು ಒಮ್ಮೆ ನಲ್ಲಿ ನೀರಿಗೆ ಹಿಡಿದು, ಅಲ್ಲೇ ಮೊಳೆಗೆ ನೇತುಹಾಕಿದ್ದ ಬೈರಾಸಿಗೆ ಒರೆಸಿಕೊಂಡು ಬಾಗಿಲು ತೆಗೆದೆ. ಕೊರಿಯರ್ ಹುಡುಗ. ಡಬ್ಬ ತೆಗೆದುಕೊಂಡು ಒಳಗೆ ಬರುವಷ್ಟರಲ್ಲಿ ಊರಿನಿಂದ ತಂಗಿಯ ಫೋನು. ಮಾತಾಡುತ್ತಲೇ ಲೈಟ್ ಹಾಕಿದೆ, ಫ್ರಿಜ್‌ನಿಂದ ಮೊಸರು ತೆಗೆದೆ, ಕನ್ನಡಕ ಸರಿ ಮಾಡಿಕೊಂಡೆ.

ಸಂಜೆ ಸೊಸೆ ಕೆಲಸದಿಂದ ಬಂದವಳು, "ಅತ್ತೆ, ಸ್ವಿಚ್ಚಿಗೆ ಅರಿಶಿನ ಹತ್ತಿದೆ ನೋಡಿ" ಅಂದಳು. ನೋಡುತ್ತಾ ಹೋದೆವು. ಬಾಗಿಲ ಚಿಲಕ, ಫ್ರಿಜ್ಜಿನ ಹಿಡಿ, ಮೊಸರಿನ ಡಬ್ಬಿ, ಸಿಂಕಿನ ನಲ್ಲಿ, ಫೋನು, ಬೈರಾಸು, ಕನ್ನಡಕದ ಕಡ್ಡಿ. ಕೊನೆಗೆ ನನ್ನ ಮೂಗಿನ ಪಕ್ಕದಲ್ಲೂ ಒಂದು ಹಳದಿ ಗೆರೆ. ಹತ್ತು ನಿಮಿಷದಲ್ಲಿ ನನ್ನ ಕೈ ಒಂಬತ್ತು ಕಡೆ ಹೋಗಿ ಬಂದಿತ್ತು. ಅಷ್ಟರಲ್ಲಿ ಒಂದೆರಡು ಕಡೆ ಮುಟ್ಟಿದ್ದು ಮಾತ್ರ ನನಗೆ ನೆನಪಿತ್ತು.

ಅರಿಶಿನಕ್ಕೆ ಬಣ್ಣ ಇದೆ, ಹಾಗಾಗಿ ಕಂಡಿತು. ವೈರಸ್ಸಿಗೆ ಬಣ್ಣ ಇಲ್ಲ. ಆದರೆ ಅದು ಹೋಗುವ ದಾರಿ ಇದೇ. ಅವತ್ತಿನಿಂದ ಮನೆಯಲ್ಲಿ ಯಾರಿಗಾದರೂ ವಾಂತಿ, ಭೇದಿ, ಕೆಂಗಣ್ಣು, ನೆಗಡಿ ಅಂತ ಶುರುವಾದರೆ ನಾನು ಇಡೀ ಮನೆಗೆ ಫಿನಾಯಿಲ್ ಹಾಕಿ ಒರೆಸುವುದಕ್ಕೆ ಹೋಗುವುದಿಲ್ಲ. ನೆಲಕ್ಕೆ ಯಾರೂ ಕೈ ಇಟ್ಟು ಆಮೇಲೆ ಕಣ್ಣು ಉಜ್ಜಿಕೊಳ್ಳುವುದಿಲ್ಲ, ತೆವಳುವ ಮಗು ಇದ್ದರೆ ಮಾತ್ರ ಬೇರೆ. ನಾನು ಆ ಅರಿಶಿನದ ಜಾಗಗಳನ್ನು ಹುಡುಕಿ ಒರೆಸುತ್ತೇನೆ. ಚಿಲಕ, ಸ್ವಿಚ್ಚು, ನಲ್ಲಿ, ಫ್ಲಶ್ಶಿನ ಗುಂಡಿ, ಬಚ್ಚಲಿನ ಮಗ್ಗಿನ ಹಿಡಿ, ಟಿವಿ ರಿಮೋಟು, ಫೋನು. ಹತ್ತು ನಿಮಿಷದ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲಾ ವೈರಸ್ಸೂ ಕೈಯಿಂದಲೇ ಬರುವುದಿಲ್ಲ. ಫ್ಲೂ, ಕೊರೊನಾ ಜಾಸ್ತಿ ಹರಡುವುದು ಉಸಿರಿನಿಂದ, ಕೆಮ್ಮಿನಿಂದ. 2020ರಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಾಕಿ ತೊಳೆದವರು ನಾವು. ನಮ್ಮ ಕಟ್ಟಡದಲ್ಲಿ ಕೆಲವರು ಟೊಮೆಟೊ, ಸೊಪ್ಪಿಗೂ ಸೋಪು ಹಾಕಿದರು. ವಸ್ತು ಮುಟ್ಟಿ ಕೊರೊನಾ ಬರುವುದು ತೀರಾ ಕಮ್ಮಿ ಅಂತ ಆಮೇಲೆ ತಿಳಿಯಿತು. ಅದಕ್ಕೆ ಕಿಟಕಿ ತೆಗೆದಿಡುವುದು, ಕೆಮ್ಮುವವರು ಮಾಸ್ಕ್ ಹಾಕುವುದು ಮುಖ್ಯ. ತರಕಾರಿಗೆ ಬರೀ ಹರಿಯುವ ನೀರು ಸಾಕು, ಸೋಪು ಹೊಟ್ಟೆಗೆ ಹೋಗಬಾರದು. ಆದರೆ ಹೊಟ್ಟೆ ಕೆಡಿಸುವ ನೋರೋವೈರಸ್, ರೋಟಾವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ, ಕೆಂಗಣ್ಣು ತರುವ ಅಡಿನೋವೈರಸ್, ಮಕ್ಕಳ ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳಿಸುವ ವೈರಸ್ ಇವುಗಳಿಗೆಲ್ಲ ಕೈ ದೊಡ್ಡ ದಾರಿ. ನೆಗಡಿಯೂ ಕೈಯಿಂದ ಬರಬಹುದು.

ಇನ್ನು ಸೋಪಿನ ವಿಷಯ. ಎಣ್ಣೆ ಜಿಡ್ಡಿನ ಬಾಣಲೆಯನ್ನು ಬರೀ ನೀರಲ್ಲಿ ತೊಳೆದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ? ಫ್ಲೂ, ಕೊರೊನಾದಂಥ ವೈರಸ್ಸಿನ ಮೇಲೆ ಅಂಥದೇ ಒಂದು ಜಿಡ್ಡಿನ ಪದರ ಇರುತ್ತದೆ. ಸೋಪು ಅದನ್ನು ಕರಗಿಸಿದರೆ ವೈರಸ್ ಅಲ್ಲಿಗೆ ಮುಗಿಯಿತು. ನೋರೋವೈರಸ್, ಅಡಿನೋವೈರಸ್‌ಗೆ ಈ ಜಿಡ್ಡಿನ ಪದರ ಇಲ್ಲ. ಅವು ಗಟ್ಟಿ. ಸ್ಯಾನಿಟೈಸರಿಗೂ ಸುಲಭವಾಗಿ ಬಗ್ಗುವುದಿಲ್ಲ. ಅವನ್ನು ಉಜ್ಜಿ ಉಜ್ಜಿ ಚರ್ಮದಿಂದ ಬಿಡಿಸಿ ನೀರಲ್ಲಿ ಹರಿಸಿಬಿಡಬೇಕು. ಆದ್ದರಿಂದ ವಾಂತಿ ಭೇದಿಯ ಮನೆಯಲ್ಲಿ, ಕೆಂಗಣ್ಣಿನ ಮನೆಯಲ್ಲಿ ಸ್ಯಾನಿಟೈಸರ್ ನಂಬಿ ಕೂರಬೇಡಿ. ಸೋಪು, ನೀರು, 20 ಸೆಕೆಂಡು ಉಜ್ಜುವುದು, ಇದಕ್ಕೆ ಬದಲಿ ಇಲ್ಲ. ದುಬಾರಿ ಸೋಪು ಬೇಡ, ಬಿಸಿನೀರೂ ಬೇಡ. ಮೈಗೆ ಹಚ್ಚುವ ಸೋಪು, ತಣ್ಣೀರು ಸಾಕು. ಸೋಪಿನ ಡಬ್ಬಿಯಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಮಕ್ಕಳಿಗೆ ಕೈ ತೊಳೆಯುವುದು ಕಲಿಸಲು ಅದೇ ಅರಿಶಿನ ಉಪಯೋಗಕ್ಕೆ ಬಂತು. ಆರತಿಗೆ ಅರಿಶಿನ, ಸುಣ್ಣ ಕಲಸಿದರೆ ನೀರು ಕೆಂಪಾಗುತ್ತದೆ ಅಲ್ವಾ, ಹಾಗೇ ಸೋಪು ತಾಗಿದರೂ ಅರಿಶಿನ ಕೆಂಪಾಗುತ್ತದೆ. ಮೊಮ್ಮಗನ ಎರಡೂ ಕೈಗೆ ಒಂದು ಚಿಟಿಕೆ ಅರಿಶಿನಕ್ಕೆ ಎರಡು ಹನಿ ಎಣ್ಣೆ ಸೇರಿಸಿ ಹಚ್ಚಿದೆ. "ಈಗ ಸೋಪು ಹಾಕಿ ತೊಳಿ ಮಗಾ" ಅಂದೆ. ಅವನು ದಿನಾ ತೊಳೆಯುವ ಹಾಗೆ ಅಂಗೈ ಎರಡು ಸಲ ಉಜ್ಜಿ ಬಂದ. ಅಂಗೈ ನಡು ಚೆನ್ನಾಗಿ ಹೋಗಿತ್ತು. ಹೆಬ್ಬೆರಳ ಬುಡ, ಬೆರಳ ಸಂದಿ, ಬೆರಳ ತುದಿ, ಉಗುರಿನ ಸುತ್ತ ಎಲ್ಲಾ ಕಡೆ ಕೆಂಪು, ಹಳದಿ ಹಾಗೇ ಉಳಿದಿತ್ತು. ಕಣ್ಣು ಉಜ್ಜುವುದು, ಮೂಗಿಗೆ ಹಾಕುವುದು, ತುತ್ತು ಕಲಸುವುದು ಬೆರಳ ತುದಿಯಿಂದ ತಾನೇ? ಹುಡುಗ ತನ್ನ ಕೈಯನ್ನೇ ನೋಡುತ್ತಾ ನಿಂತುಬಿಟ್ಟ. ಆಮೇಲೆ ತಾನಾಗಿ ಬೆರಳ ತುದಿಯನ್ನು ಇನ್ನೊಂದು ಅಂಗೈಯಲ್ಲಿ ಗೀರಿ ಗೀರಿ ತೊಳೆದ. ನಾನು ನೂರು ಸಲ ಬಾಯಲ್ಲಿ ಹೇಳಿದ್ದು ಅವತ್ತು ಒಂದೇ ಸಲಕ್ಕೆ ಅರ್ಥ ಆಯಿತು. ಹಳೇ ಬಟ್ಟೆ ಹಾಕಿಸಿ ಮಾಡಿ, ಕಲೆ ಬಿಡುವುದಿಲ್ಲ.

ನೀರಿಲ್ಲ ಅನ್ನುವವರಿಗೆ ಒಂದು ಮಾತು. ನಾನು ಮದುವೆಯಾಗಿ ಮುಂಬೈಗೆ ಬಂದಾಗ ಪರೇಲಿನ ಚಾಳಿನಲ್ಲಿದ್ದೆವು. ಮಹಡಿಗೆ ಒಂದೇ ನಲ್ಲಿ, ಸಾಲಾಗಿ ಸಂಡಾಸ್. ನೀರು ಬರುವ ಹೊತ್ತಿಗೆ ಹಂಡೆ, ಬಕೆಟ್ ತುಂಬಿಕೊಳ್ಳಬೇಕು. ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆಯೊಳಗೇ ನಲ್ಲಿ ಇದೆ, ಆದರೂ ಸೊಸೈಟಿಯವರು ಬೇಸಿಗೆಯಲ್ಲಿ ಹೊತ್ತು ನೋಡಿ ನೀರು ಬಿಡುತ್ತಾರೆ. ಕೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ. ಸೋಪು ಹಾಕಿ ನಿಧಾನ ಉಜ್ಜಿ. ಒಂದು ಮಗ್ಗು ನೀರಲ್ಲಿ ಎರಡು ಕೈ ಚೆನ್ನಾಗಿ ತೊಳೆಯಬಹುದು. ಮಗ್ಗನ್ನು ಇನ್ನೊಬ್ಬರು ಹಿಡಿದು ಮೇಲಿನಿಂದ ಸುರಿಯಬೇಕು, ಬಕೆಟ್ಟಿನೊಳಗೆ ಕೈ ಅದ್ದಬಾರದು. ನಲ್ಲಿಯ ತಲೆಗೂ ಸ್ವಲ್ಪ ನೊರೆ ಹಚ್ಚಿ ತೊಳೆದುಬಿಡಿ. ಕೊಳಕು ಕೈಯಲ್ಲಿ ತಿರುಗಿಸಿದ ನಲ್ಲಿಯನ್ನೇ ತೊಳೆದ ಕೈಯಲ್ಲಿ ನಿಲ್ಲಿಸುತ್ತೇವೆ, ಮಾಡಿದ ಕೆಲಸ ಅಲ್ಲಿಗೇ ಹಾಳು.

ತೊಳೆದ ಮೇಲೆ ಒರೆಸುವುದು. ಜಾಸ್ತಿ ಮನೆಗಳಲ್ಲಿ ತಪ್ಪು ಆಗುವುದು ಇಲ್ಲೇ, ನಮ್ಮ ಮನೆಯಲ್ಲೂ ಆಯಿತು. 2023ರ ಮಳೆಗಾಲದಲ್ಲಿ ಮಹಾರಾಷ್ಟ್ರದ ತುಂಬಾ ಕೆಂಗಣ್ಣು ಎದ್ದಿತ್ತು. "ಡೋಳೆ ಆಲೇ", ಅಂದರೆ ಮರಾಠಿಯಲ್ಲಿ ಕಣ್ಣು ಬಂದಿದೆ, ಅನ್ನುವ ಮಾತು ದಿನಾ ಲಿಫ್ಟಿನಲ್ಲಿ ಕೇಳುತ್ತಿತ್ತು. ನಮ್ಮಲ್ಲಿ ಮೊದಲು ಬಂದದ್ದು ಮಗನಿಗೆ. ಕಪ್ಪು ಕನ್ನಡಕ ಹಾಕಿಕೊಂಡ, ಯಾರ ಮುಖವನ್ನೂ ನೋಡಲಿಲ್ಲ. ನಾವೂ ಅವನ ಕಣ್ಣು ನೋಡಲಿಲ್ಲ. ಆದರೆ ಬೇಸಿನ್ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ಒಂದೇ ಬೈರಾಸಿಗೆ ಐದು ಜನವೂ ಮುಖ ಒರೆಸಿದೆವು. ವಾರದೊಳಗೆ ಐದು ಜನಕ್ಕೂ ಬಂತು. ಕೊನೆಗೆ ಬಂದದ್ದು ನನಗೆ, ಎಂಟು ದಿನ ಕಣ್ಣು ಬಿಡಲು ಆಗಲಿಲ್ಲ. ನೋಡಿದರೆ ಕೆಂಗಣ್ಣು ಬರುವುದಿಲ್ಲ. ಕಣ್ಣೀರು ತಾಗಿದ ಕೈ, ಬಟ್ಟೆ, ದಿಂಬಿನಿಂದ ಬರುತ್ತದೆ. ಕಪ್ಪು ಕನ್ನಡಕದಿಂದ ಕಣ್ಣು ಉಜ್ಜುವುದು ಕಮ್ಮಿಯಾಗುತ್ತದೆ, ಅಷ್ಟು ಲಾಭ ಇದೆ.

ಈಗ ನಮ್ಮ ಮನೆಯಲ್ಲಿ ಐದು ಮೊಳೆ, ಐದು ಚಿಕ್ಕ ಬಟ್ಟೆ. ಮೂಲೆಗೆ ಬೇರೆ ಬೇರೆ ಬಣ್ಣದ ದಾರ ಹೊಲಿದಿದ್ದೇನೆ. ಮಳೆಗಾಲದಲ್ಲಿ ಮುಂಬೈ ಕಡೆ ಬಟ್ಟೆ ಒಣಗುವುದೇ ಇಲ್ಲ, ಹಾಗಾಗಿ ದಪ್ಪ ಟವೆಲ್ ಬಿಟ್ಟು ಹಳೇ ಪಂಚೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ತೆಳು ಬಟ್ಟೆ ಬೇಗ ಒಣಗುತ್ತದೆ, ದಿನಾ ಬದಲಾಯಿಸಬಹುದು. ಒದ್ದೆ ಕೈಯಿಂದ ಕ್ರಿಮಿ ಒಣ ಕೈಗಿಂತ ಸುಲಭವಾಗಿ ದಾಟುತ್ತದೆ, ಅದಕ್ಕೇ ಒರೆಸುವುದೂ ತೊಳೆದಷ್ಟೇ ಮುಖ್ಯ. ಕಣ್ಣಿನ ಹನಿಮದ್ದು ಒಬ್ಬರದು ಇನ್ನೊಬ್ಬರಿಗೆ ಬೇಡ. ಪಿಸುರು ಒರೆಸಿದ ಹತ್ತಿ ಒಂದೇ ಸಲಕ್ಕೆ, ಆಮೇಲೆ ಕಸಕ್ಕೆ. ದಿಂಬಿನ ಕವರ್ ದಿನಾ ಬದಲಾಗಲಿ.

ನನ್ನ ಅತ್ತೆಯವರು ಮಡಿ ತುಂಬಾ ಮಾಡುತ್ತಿದ್ದರು. ಮಡಿ ಸೀರೆ ಯಾರೂ ಮುಟ್ಟುವ ಹಾಗಿಲ್ಲ. ಆದರೆ ಮಗುವಿನ ಕಕ್ಕ ತೊಳೆದ ಕೈಗೆ ಬರೀ ನೀರು ಹಾಕಿ ಅದೇ ಸೆರಗಿಗೆ ಒರೆಸಿ ಒಲೆ ಮುಂದೆ ಕೂರುತ್ತಿದ್ದರು. "ಹಸುಗೂಸಿನದು, ಏನೂ ಆಗಲ್ಲ" ಅನ್ನುತ್ತಿದ್ದರು. ತುಂಬಾ ಪ್ರೀತಿಯ ಹೆಂಗಸು, ಆ ಕಾಲದಲ್ಲಿ ಹೇಳುವವರು ಇರಲಿಲ್ಲ. ಮಡಿ ಬೇರೆ, ಚೊಕ್ಕ ಬೇರೆ. ಹಸುಗೂಸಿನ ಮಲದಲ್ಲೂ ರೋಟಾವೈರಸ್ ಇರಬಹುದು, ಮಕ್ಕಳ ಭೇದಿಗೆ ಅದು ದೊಡ್ಡ ಕಾರಣ. ರೋಟಾವೈರಸ್ ಲಸಿಕೆ 2016ರಿಂದ ಸರ್ಕಾರದ ಲಸಿಕೆಗಳ ಜೊತೆ ಸೇರಿದೆ, ಕೂಸಿಗೆ ತಪ್ಪದೆ ಹಾಕಿಸಿ. ಡೈಪರ್ ಬದಲಿಸಿದ ಮೇಲೆ ಸೋಪು ಬೇಕೇ ಬೇಕು.

ಬಾಣಂತಿ ಇರುವ ಮನೆಗೆ ನೆಂಟರು ಬರುತ್ತಾರೆ. ಲೋಕಲ್ ಟ್ರೈನಿನ ಕಂಬಿ ಹಿಡಿದು ಒಂದು ಗಂಟೆ ನಿಂತು ಬಂದವರು ನೇರ ಮಗುವಿನ ಕೆನ್ನೆ ಹಿಂಡುತ್ತಾರೆ. ಸೊಸೆಯ ಬಾಣಂತನದಲ್ಲಿ ನಾನು ಒಂದು ಉಪಾಯ ಮಾಡಿದ್ದೆ. ಬಂದವರಿಗೆ "ಬನ್ನಿ, ಮೊದಲು ಕೈ ಕಾಲು ತೊಳೆದುಕೊಳ್ಳಿ, ಸುಸ್ತಾಗಿ ಬಂದಿದ್ದೀರಿ" ಅಂತ ಬಚ್ಚಲಿಗೇ ಕರೆದುಕೊಂಡು ಹೋಗಿ ಸೋಪು, ಒಗೆದ ಬಟ್ಟೆ ಕೈಗೆ ಕೊಡುತ್ತಿದ್ದೆ. ಊರಲ್ಲಿ ಜಗಲಿ ಮೇಲೆ ಚೊಂಬಲ್ಲಿ ನೀರು ಕೊಟ್ಟ ಹಾಗೆ. ಯಾರಿಗೂ ಬೇಜಾರಾಗಲಿಲ್ಲ. ಕೈ ತೊಳೆಯಿರಿ ಅನ್ನಲು ಸಂಕೋಚ ಬೇಡ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು ಉಳಿದ ಡಾಕ್ಟರುಗಳಿಗೇ ಬ್ಲೀಚಿಂಗ್ ಪೌಡರಿನಂಥ ನೀರಲ್ಲಿ ಕೈ ತೊಳೆಯಿರಿ ಅಂದರು. ಬಾಣಂತಿಯರ ಸಾವು ಕಣ್ಣಿಗೆ ಕಾಣುವಷ್ಟು ಕಮ್ಮಿಯಾಯಿತು. ಆದರೂ ತುಂಬಾ ಜನ ಅವರ ಮಾತು ಒಪ್ಪಲಿಲ್ಲ.

ಬ್ಲೀಚ್ ಯಾವಾಗ ಬೇಕು? ದಿನಾ ಬೇಡ. ದಿನದ ಒರೆಸುವುದಕ್ಕೆ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಸ್ವಿಚ್ಚು ಒರೆಸುವಾಗ ಬಟ್ಟೆ ಗಟ್ಟಿಯಾಗಿ ಹಿಂಡಿರಬೇಕು, ಸಾಧ್ಯವಾದರೆ ಮೇನ್ ಆಫ್ ಮಾಡಿ ಒರೆಸಿದರೆ ಇನ್ನೂ ಒಳ್ಳೆಯದು. ವಾಂತಿ ಭೇದಿ ಬಂದಾಗ ಮಾತ್ರ ಬ್ಲೀಚ್ ತೆಗೆಯಿರಿ. ಬಾಟಲಿ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಶೇಕಡಾ 5 ಅಂತ ಇದ್ದರೆ, ಚಿಲಕ, ನಲ್ಲಿ, ಫ್ಲಶ್ ಒರೆಸಲು ಒಂದು ಲೀಟರ್ ನೀರಿಗೆ ನಾಲ್ಕು ಟೀ ಚಮಚ, ಅಂದರೆ 20 ಮಿ.ಲೀ. ವಾಂತಿ ಬಿದ್ದ ನೆಲಕ್ಕೆ ಇದು ಸಾಲದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು. ಮೊದಲು ಕೈಗೆ ಗ್ಲೌಸ್ ಇಲ್ಲವೇ ಪ್ಲಾಸ್ಟಿಕ್ ಚೀಲ, ಮುಖಕ್ಕೆ ಮಾಸ್ಕ್. ಹಳೇ ಪೇಪರ್ ಹಾಸಿ ವಾಂತಿ ಹೀರಿಸಿ, ಹೊರಗಿನಿಂದ ನಡುವಿಗೆ ಬಳಿದು ಚೀಲಕ್ಕೆ ಹಾಕಿ ಕಟ್ಟಿ. ಪೊರಕೆ ಬೇಡ, ಸಿಡಿಯುತ್ತದೆ. ಸೋಪಿನ ನೀರಲ್ಲಿ ಒರೆಸಿ. ಆಮೇಲೆ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಬಿಡಿ. ಹೊಲಸಿನ ಮೇಲೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಹೊಲಸಿಗೇ ಖರ್ಚಾಗುತ್ತದೆ. ಕಲಸಿದ ನೀರನ್ನು ನಾಳೆಗೆ ಇಡಬೇಡಿ, ಶಕ್ತಿ ಇಳಿಯುತ್ತದೆ.

ಇದನ್ನು ಮಾತ್ರ ದಯವಿಟ್ಟು ನೆನಪಿಡಿ: ಬ್ಲೀಚಿಗೆ ಸಂಡಾಸ್ ತೊಳೆಯುವ ಆ್ಯಸಿಡ್ ಯಾವತ್ತೂ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ. ಮುಂಬೈಯ ಬಚ್ಚಲುಗಳು ಚಿಕ್ಕವು, ಎಷ್ಟೋ ಕಡೆ ಕಿಟಕಿಯೇ ಇಲ್ಲ. ನಮ್ಮ ಮನೆಗೆಲಸದ ಹೆಂಗಸು ಒಮ್ಮೆ ಜಾಸ್ತಿ ಬಿಳಿ ಆಗಲಿ ಅಂತ ಎರಡನ್ನೂ ಹಾಕಿದಳು. ಕೆಮ್ಮುತ್ತಾ ಹೊರಗೆ ಓಡಿ ಬಂದಳು, ಅರ್ಧ ಗಂಟೆ ಉಸಿರು ಸರಿಯಾಗಲಿಲ್ಲ. ಅವಳ ತಪ್ಪಲ್ಲ, ನಾನು ಹೇಳಿರಲಿಲ್ಲ. ಅವತ್ತೇ ಎರಡು ಬಾಟಲಿಗಳನ್ನೂ ಬೇರೆ ಬೇರೆ ಕಡೆ ಇಟ್ಟು, ಅವಳಿಗೆ ಕೂರಿಸಿ ಹೇಳಿದೆ. ಅವಳ ಕೈಗೂ ಗ್ಲೌಸ್ ತಂದುಕೊಟ್ಟೆ. ನಮ್ಮ ಮನೆ ಕೊಳಕು ತೊಳೆಯುವ ಕೈಯ ಕಾಳಜಿ ನಮ್ಮದೇ ಅಲ್ವಾ?

ನಮ್ಮ ಯಜಮಾನರು ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಅಡುಗೆ ಹುಡುಗರಿಗೆ ಭೇದಿ, ವಾಂತಿ ಆದರೆ ನಿಂತ ಮೇಲೂ ಎರಡು ದಿನ ಸಂಬಳ ಸಹಿತ ರಜೆ ಕೊಡುತ್ತಿದ್ದರು. ಸಂಬಳ ಕಡಿದರೆ ಹುಡುಗ ಕಾಯಿಲೆ ಮುಚ್ಚಿಟ್ಟು ಹಿಟ್ಟು ಕಲಸುತ್ತಾನೆ ಅನ್ನುತ್ತಿದ್ದರು. ಆ 48 ಗಂಟೆಯ ಲೆಕ್ಕ ಮನೆಗೂ ಸರಿ. ಅಮ್ಮನಿಗೆ ಹೊಟ್ಟೆ ಕೆಟ್ಟರೆ ಅಮ್ಮನೇ ಎದ್ದು ಚಪಾತಿ ಲಟ್ಟಿಸುವುದು ಬೇಡ. ಎರಡು ದಿನ ಬೇರೆಯವರು ಗಂಜಿ ಬೇಯಿಸಲಿ.

ಲೋಕಲ್‌ನಲ್ಲಿ ಓಡಾಡುವವರು ಚೀಲದಲ್ಲಿ ಸ್ಯಾನಿಟೈಸರ್ ಇಟ್ಟುಕೊಳ್ಳಿ, ಆಲ್ಕೋಹಾಲ್ ಶೇಕಡಾ 60ಕ್ಕಿಂತ ಕಮ್ಮಿ ಇರಬಾರದು. ಕೈ ಪೂರ್ತಿ ಒಣಗುವ ತನಕ ಉಜ್ಜಿ. ಹಚ್ಚಿದ ಹಸಿ ಕೈಯಲ್ಲಿ ಗ್ಯಾಸ್ ಹಚ್ಚಬೇಡಿ, ದೇವರ ದೀಪವನ್ನೂ ಹಚ್ಚಬೇಡಿ, ಬೆಂಕಿ ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ, ಆಮೇಲೆ ಫೋನ್ ಒರೆಸಿ, ಮತ್ತೆ ಒಮ್ಮೆ ಕೈ ತೊಳೆಯಿರಿ. ಫೋನಿಗೆ ಬ್ಲೀಚ್ ಬೇಡ, ಆಫ್ ಮಾಡಿ ಸ್ಯಾನಿಟೈಸರ್ ಸ್ವಲ್ಪ ತಾಗಿಸಿದ ಮೆತ್ತನೆ ಬಟ್ಟೆ ಸಾಕು. ಮಗ ಈಗ ಚಪ್ಪಲಿ ಬಿಡುವ ಜಾಗದಲ್ಲೇ ಫೋನು, ಬೀಗದ ಕೈ, ಪಾಸು ಇಡಲು ಒಂದು ಸ್ಟೀಲ್ ತಟ್ಟೆ ಇಟ್ಟಿದ್ದಾನೆ. ರಾತ್ರಿ ಪಾತ್ರೆ ತೊಳೆಯುವಾಗ ಆ ತಟ್ಟೆಯನ್ನೂ ನಾನು ಸಿಂಕಿಗೆ ಹಾಕಿಕೊಳ್ಳುತ್ತೇನೆ.