ಕೋಶ ತೆಗೆಯುವ ದಿನವೇ ಅರ್ಧ ಚಿಕಿತ್ಸೆ

ರೋಗಿಯದೇ ಟಿ ಜೀವಕೋಶಗಳನ್ನು, ಅಂದರೆ ರೋಗದೊಂದಿಗೆ ಹೋರಾಡುವ ಬಿಳಿ ರಕ್ತಕಣಗಳನ್ನು, ಮಾರ್ಪಡಿಸಿ ರಕ್ತದ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯ ಬಗ್ಗೆ ವಿಚಾರಿಸಲು ಬರುವವರು ಹೆಚ್ಚಾಗಿ ಹೊಸ ವಿನ್ಯಾಸಗಳ ಬಗ್ಗೆಯೇ ಕೇಳುತ್ತಾರೆ. ಎರಡು ಗುರಿಗಳನ್ನು ಒಟ್ಟಿಗೆ ಹಿಡಿಯುವ ಜೀವಕೋಶ ಬಂದಿದೆಯಂತೆ, ಅದು ನಮಗೆ ಸಿಗುತ್ತದೆಯೇ? ವೈದ್ಯರ ಸಮ್ಮೇಳನಗಳಲ್ಲೂ ಇದೇ ಮಾತು. ರಕ್ತರೋಗ ವೈದ್ಯನಾಗಿ ವಾರದ ಅರ್ಧವನ್ನು ಬೆಂಗಳೂರಿನ ವಾರ್ಡಿನಲ್ಲೂ ಉಳಿದರ್ಧವನ್ನು ಪ್ರಯೋಗಾಲಯದಲ್ಲೂ ಕಳೆಯುವ ನಾನು ಕೆಲಸ ಮಾಡುವುದು ಅಷ್ಟೇನೂ ಹೊಳಪಿಲ್ಲದ ವಿಷಯದ ಮೇಲೆ. ಟಿ ಜೀವಕೋಶಗಳನ್ನು ರೋಗಿಯಿಂದ ಯಾವಾಗ ತೆಗೆದೆವು, ತೆಗೆದ ಮೇಲೆ ಎಷ್ಟು ದಿನ ಬೆಳೆಸಿದೆವು? ಚಿಕಿತ್ಸೆಯ ಭವಿಷ್ಯ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ನಂಬಿಕೆ.

ಚಿಕಿತ್ಸೆಯ ಕ್ರಮವನ್ನು ಬೇಗ ಹೇಳಿಬಿಡುತ್ತೇನೆ. ಅಫೆರೆಸಿಸ್ ಯಂತ್ರದ ಮೂಲಕ ರೋಗಿಯ ರಕ್ತ ಹಾಯಿಸಿ ಬಿಳಿ ರಕ್ತಕಣಗಳನ್ನು ಬೇರ್ಪಡಿಸುತ್ತೇವೆ. ಅವುಗಳಲ್ಲಿರುವ ಟಿ ಜೀವಕೋಶಗಳಿಗೆ ನಿರುಪದ್ರವಿಯಾಗಿಸಿದ ಲೆಂಟಿವೈರಸ್ ಮೂಲಕ ಗುರಿಯನ್ನು ಗುರುತಿಸಿ ಹಿಡಿಯುವ ಒಂದು ಕೃತಕ ಗ್ರಾಹಿಯ ಜೀನ್ ಸೇರಿಸುತ್ತೇವೆ. ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳ ಕ್ಯಾನ್ಸರುಗಳಲ್ಲಿ (ಲ್ಯುಕೇಮಿಯಾ, ಲಿಂಫೋಮಾ) ಆ ಗ್ರಾಹಿ ಸಾಮಾನ್ಯವಾಗಿ ಹುಡುಕುವುದು ಆ ಕೋಶಗಳ ಮೇಲ್ಮೈಯಲ್ಲಿರುವ ಸಿಡಿ19 ಎಂಬ ಪ್ರೋಟೀನನ್ನು. ಜೀವಕೋಶಗಳು ಬೆಳೆದ ಮೇಲೆ, ರೋಗಿಗೆ ಫ್ಲುಡರಾಬಿನ್ ಮತ್ತು ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧಗಳನ್ನು ಕೊಟ್ಟು ದೇಹದಲ್ಲಿ ಜಾಗ ಮಾಡಿ, ಅವನ್ನು ಮರಳಿ ರಕ್ತಕ್ಕೆ ಹಾಯಿಸುತ್ತೇವೆ.

2012ರಲ್ಲಿ ಫಿಲಡೆಲ್ಫಿಯಾದಲ್ಲಿ ಲ್ಯುಕೇಮಿಯಾದ ಒಂದು ಮಗುವಿಗೆ ಇದನ್ನು ಕೊಟ್ಟರು. 2017ರ ಆಗಸ್ಟಿನಲ್ಲಿ ಅಮೆರಿಕ ಅನುಮತಿ ನೀಡಿತು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದವರು ಸೇರಿ ರೂಪಿಸಿದ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಕಂಪನಿಯೊಂದರ ಔಷಧ 2025ರಲ್ಲಿ ಬಂತು. ಅಮೆರಿಕದಲ್ಲಿ ಮೊದಲ ಔಷಧದ ಬೆಲೆ 4,75,000 ಡಾಲರ್ ಇತ್ತು. ನಮ್ಮಲ್ಲಿ ಅದು 30–40 ಲಕ್ಷ ರೂಪಾಯಿಗೆ ಇಳಿದದ್ದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಅಷ್ಟು ಹಣ ಹೊಂದಿಸಲು ಹೊಲ ಮಾರಿದವರ ಮುಂದೆ ನಿಂತಾಗ ಅದನ್ನು ಅಗ್ಗ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಸಮಸ್ಯೆ ಇರುವುದು ಆಮೇಲೆ. ಮಕ್ಕಳು ಮತ್ತು ಯುವಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದಲ್ಲಿ ಮೂರು ತಿಂಗಳೊಳಗೆ ಶೇ 81 ಮಂದಿಯಲ್ಲಿ ರೋಗ ಮರೆಯಾಗಿತ್ತು. ಒಂದು ವರ್ಷದ ಹೊತ್ತಿಗೆ ರೋಗದ ಕಾಟವಿಲ್ಲದೆ ಉಳಿದವರು ಅರ್ಧದಷ್ಟು. ಮರುಕಳಿಸುವುದಕ್ಕೆ ಮುಖ್ಯವಾಗಿ ಎರಡು ದಾರಿ. ಕ್ಯಾನ್ಸರ್ ಕೋಶ ಸಿಡಿ19 ಅನ್ನೇ ಕಳಚಿಕೊಂಡು ತಪ್ಪಿಸಿಕೊಳ್ಳುವುದು ಒಂದು. ನಾವು ಕೊಟ್ಟ ಜೀವಕೋಶಗಳು ದಣಿದು ಮಾಯವಾಗುವುದು ಇನ್ನೊಂದು. ಎರಡನೆಯದನ್ನು ಗುರುತಿಸಲು ದುಬಾರಿ ಪರೀಕ್ಷೆಯೇ ಬೇಕೆಂದಿಲ್ಲ. ಆರೋಗ್ಯವಂತ ಬಿ ಜೀವಕೋಶಗಳ ಮೇಲೂ ಸಿಡಿ19 ಇರುವುದರಿಂದ, ಕಾರ್-ಟಿ ಕೋಶಗಳು ಬದುಕಿರುವವರೆಗೆ ರೋಗಿಯಲ್ಲಿ ಅವೂ ಇರುವುದಿಲ್ಲ. ಚಿಕಿತ್ಸೆಯಾಗಿ ಎರಡು ಮೂರು ತಿಂಗಳಿಗೇ ಆ ಬಿ ಜೀವಕೋಶಗಳು ರಕ್ತದಲ್ಲಿ ಮತ್ತೆ ಕಾಣಿಸಿಕೊಂಡರೆ ಕಾವಲುಗಾರ ಹೊರಟುಹೋದ ಎಂದೇ ಅರ್ಥ. ಆ ವರದಿ ಬಂದ ದಿನ ಮನೆಯವರು ‘ಬಿ ಕೋಶ ಬಂದಿದೆಯಲ್ಲ, ಒಳ್ಳೆಯದಲ್ಲವೇ?’ ಎಂದು ಕೇಳುತ್ತಾರೆ.

ಹೀಗೆ ಬೇಗ ಮಾಯವಾದ ಜೀವಕೋಶಗಳು ಮೊದಲಿನಿಂದಲೇ ಹೇಗಿದ್ದವು ಎಂಬಲ್ಲಿಂದ ನನ್ನ ಕೆಲಸ ಶುರುವಾಯಿತು. ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಗಳ ಒಪ್ಪಿಗೆ ಪಡೆದು, ಅಫೆರೆಸಿಸ್ ಚೀಲದಲ್ಲಿ ಉಳಿಯುವ ಚೂರುಪಾರು ಮಾದರಿಗಳನ್ನು ದ್ರವ ಸಾರಜನಕದಲ್ಲಿ ಇರಿಸತೊಡಗಿದೆ. ಜೀವಕೋಶಗಳನ್ನು ಬಗೆ ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರಿನಲ್ಲಿ ನೋಡಿದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಹಲವು ಸುತ್ತು ಕೀಮೋ ಮುಗಿಸಿ ಬಂದವರಲ್ಲಿ ಎಳೆಯ, ಇನ್ನೂ ಯುದ್ಧ ಕಾಣದ ಟಿ ಜೀವಕೋಶಗಳು ಬೆರಳೆಣಿಕೆಯಷ್ಟು. ದಣಿವಿನ ಗುರುತುಗಳನ್ನು ಹೊತ್ತವು ರಾಶಿ. ಇದು ನಾನು ಕಂಡುಹಿಡಿದದ್ದಲ್ಲ. ದೀರ್ಘಕಾಲಿಕ ಲಿಂಫಾಟಿಕ್ ಲ್ಯುಕೇಮಿಯಾ ರೋಗಿಗಳಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲೇ ಇಂಥದ್ದನ್ನು ತೋರಿಸಿದ್ದರು. ನಮ್ಮ ವಾರ್ಡಿನಲ್ಲಿ ಅದು ಇನ್ನಷ್ಟು ತೀವ್ರ, ಏಕೆಂದರೆ ನಮ್ಮಲ್ಲಿಗೆ ಬರುವವರು ಉಳಿದ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಬರುತ್ತಾರೆ.

ಮೊದಲು ಬದಲಿಸಿದ್ದು ಪ್ರಯೋಗಾಲಯವನ್ನಲ್ಲ, ಫೋನ್ ಕರೆಗಳನ್ನು. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರುಗಳಿಂದ ರೋಗಿಗಳನ್ನು ಕಳಿಸುವ ವೈದ್ಯ ಮಿತ್ರರಿಗೆ ಒಂದೇ ಕೋರಿಕೆ: ಕಾರ್-ಟಿ ಬೇಕಾಗಬಹುದು ಎಂಬ ಅನುಮಾನ ಬಂದ ಕೂಡಲೇ, ಮುಂದಿನ ಕೀಮೋ ಬರೆಯುವ ಮೊದಲು, ನನಗೆ ಹೇಳಿ. ಬೆಂಡಾಮುಸ್ಟಿನ್ ಎಂಬ ಕೀಮೋ ಔಷಧ ಪಡೆದು ಹೆಚ್ಚು ಕಾಲವಾಗದವರಿಂದ ತೆಗೆದ ಜೀವಕೋಶಗಳು ಸೊರಗಿರುತ್ತವೆ ಎಂಬುದಕ್ಕೆ ಈಗ ಸಾಕಷ್ಟು ಪುರಾವೆ ಇದೆ. ಸ್ಟಿರಾಯ್ಡ್ ಇದ್ದರೆ ಕೆಲವು ದಿನ ಮೊದಲೇ ನಿಲ್ಲಿಸಬೇಕು. ರೋಗ ಓಡುತ್ತಿರುವಾಗ ಇದಕ್ಕೆಲ್ಲ ಕಾಯುವುದು ಸುಲಭವಲ್ಲ; ಕೆಲವೊಮ್ಮೆ ಕಾಯಲೂ ಬಾರದು. ಆದರೆ ಒಂದು ಸುತ್ತು ಔಷಧದ ಮೊದಲು ಕೋಶ ತೆಗೆಯುವುದೋ ಆಮೇಲೆ ತೆಗೆಯುವುದೋ ಎಂಬ ಪ್ರಶ್ನೆಯನ್ನಾದರೂ ಈಗ ಜೊತೆಯಲ್ಲಿ ಕುಳಿತು ಚರ್ಚಿಸುತ್ತೇವೆ. ಮೊದಲು ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಎರಡನೆಯದು ಬೆಳೆಸುವ ಅವಧಿ. ಸಾಮಾನ್ಯವಾಗಿ ಜೀವಕೋಶಗಳನ್ನು ಒಂದು ವಾರದಿಂದ ಹತ್ತು ಹನ್ನೆರಡು ದಿನ ಇನ್‌ಕ್ಯುಬೇಟರಿನಲ್ಲಿ ಬೆಳೆಸುತ್ತಾರೆ. ಸಂಖ್ಯೆ ಹೆಚ್ಚುತ್ತದೆ, ನಿಜ. ಆದರೆ ಪ್ರತಿ ವಿಭಜನೆಯೊಂದಿಗೆ ಅವುಗಳ ಎಳೆತನ, ಅಂದರೆ ದೇಹ ಸೇರಿದ ಮೇಲೆ ಹೆಚ್ಚುತ್ತಾ ಬಹುಕಾಲ ಉಳಿಯುವ ಶಕ್ತಿ, ಕರಗುತ್ತದೆ. ಸಾಗರದ ಕಡೆಯ ಭತ್ತದ ರೈತರೊಬ್ಬರಿಗೆ ಇದನ್ನು ವಿವರಿಸುತ್ತಿದ್ದಾಗ ಅವರೇ ನನ್ನನ್ನು ತಡೆದು, “ಮಡಿಯಲ್ಲಿ ಬಲಿತ ಸಸಿ ಕಿತ್ತು ನೆಟ್ಟರೆ ತೆಂಡೆ ಒಡೆಯುವುದಿಲ್ಲ ಡಾಕ್ಟರೇ, ಅಷ್ಟೇ ತಾನೇ?” ಎಂದರು. ಅಷ್ಟೇ. ನಾನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಚಿತ್ರಪಟ ತೋರಿಸಿ ಹೇಳುವುದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದ್ದರು.

ಒಂಬತ್ತು ದಿನದ ಜೀವಕೋಶಗಳಿಗಿಂತ ಮೂರು ದಿನದವು ಇಲಿಗಳಲ್ಲಿ ಹೆಚ್ಚು ಸಮರ್ಥವಾಗಿವೆ ಎಂದು ಪೆನ್ಸಿಲ್ವೇನಿಯಾದವರೇ ವರದಿ ಮಾಡಿದ್ದರು. ನಾವು ಕೇಳಿಕೊಂಡದ್ದು ಬೇರೆ ಪ್ರಶ್ನೆ: ಆರೋಗ್ಯವಂತ ದಾನಿಗಳದ್ದಲ್ಲ, ಕೀಮೋದಿಂದ ಬಸವಳಿದ ನಮ್ಮ ರೋಗಿಗಳ ಜೀವಕೋಶಗಳಿಗೂ ಇದು ಅನ್ವಯಿಸುತ್ತದೆಯೇ? ಮನುಷ್ಯರ ಲ್ಯುಕೇಮಿಯಾ ಕೋಶಗಳನ್ನು ಹೊತ್ತ, ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಿಗೆ ಬೇಕೆಂದೇ ಕಡಿಮೆ ಪ್ರಮಾಣದ ಕಾರ್-ಟಿ ಕೊಟ್ಟೆವು. ಧಾರಾಳವಾಗಿ ಕೊಟ್ಟರೆ ಎಲ್ಲ ಜೀವಕೋಶಗಳೂ ಗೆಲ್ಲುತ್ತವೆ. ಒಳ್ಳೆಯದು ಯಾವುದು, ಸಾಧಾರಣ ಯಾವುದು ಎಂದು ಕೊರತೆಯಲ್ಲಿ ಮಾತ್ರ ತಿಳಿಯುತ್ತದೆ. ಕೆಲವು ರೋಗಿಗಳ ಮಾದರಿಯಲ್ಲಿ ಕಡಿಮೆ ದಿನ ಬೆಳೆಸಿದವು ಸ್ಪಷ್ಟವಾಗಿ ಮುಂದಿದ್ದವು. ತೀರಾ ದಣಿದ ಮಾದರಿಗಳಲ್ಲಿ ಎರಡೂ ಬಗೆ ಸೋತವು. ಆರಂಭದಲ್ಲೇ ಎಳೆಯವು ಇಲ್ಲದಿದ್ದರೆ ಉಳಿಸುವುದಾದರೂ ಏನನ್ನು? ಕೋಶ ತೆಗೆಯುವ ದಿನದ ಬಗ್ಗೆ ನನ್ನ ಹಟ ಇನ್ನೂ ಬಲವಾದದ್ದು ಇಲ್ಲಿಂದಲೇ.

ಅವಧಿ ಕಡಿಮೆ ಮಾಡುವುದು ಕೇಳಲು ಸರಳ. ಅದರೊಂದಿಗೆ ಬರುವ ತೊಡಕುಗಳು ಹಾಗಲ್ಲ. ವೈರಸ್ ಸೇರಿಸಿದ ಒಂದೆರಡು ದಿನಗಳಲ್ಲಿ ಜೀವಕೋಶದ ಮೇಲೆ ಗ್ರಾಹಿ ಕಾಣುತ್ತದೆ, ಆದರೆ ಅದರಲ್ಲಿ ಒಂದು ಪಾಲು ವೈರಸ್ ಕಣಗಳೊಂದಿಗೆ ಅಂಟಿಕೊಂಡು ಬಂದದ್ದು. ಜೀನ್ ಇನ್ನೂ ವರ್ಣತಂತುವಿಗೆ ಸೇರಿರುವುದಿಲ್ಲ. ಈ ಹುಸಿ ಎಣಿಕೆಯನ್ನು ನಂಬಿ ಪ್ರಮಾಣ ನಿಗದಿ ಮಾಡಿದರೆ ರೋಗಿಗೆ ಸೇರುವುದು ಲೆಕ್ಕಕ್ಕಿಂತ ಕಡಿಮೆ. ಹಾಗಾಗಿ ಮಾದರಿಯ ಒಂದು ಭಾಗವನ್ನು ಪಕ್ಕದಲ್ಲಿ ಹೆಚ್ಚು ದಿನ ಬೆಳೆಸಿ, ನಿಜವಾದ ಸಂಖ್ಯೆಯೊಂದಿಗೆ ಹೋಲಿಸುತ್ತಾ ಬಂದೆವು. ಇನ್ನೊಂದು ತೊಡಕು ಹೆಚ್ಚು ಅಪಾಯಕಾರಿ. ಚೀಲದಲ್ಲಿ ಲ್ಯುಕೇಮಿಯಾ ಕೋಶಗಳೂ ಬರಬಹುದು. 2018ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ ಒಂದೇ ಒಂದು ಲ್ಯುಕೇಮಿಯಾ ಕೋಶಕ್ಕೆ ಗ್ರಾಹಿಯ ಜೀನ್ ಸೇರಿ, ಆ ಗ್ರಾಹಿ ಕೋಶದ ಸ್ವಂತ ಸಿಡಿ19 ಅನ್ನೇ ಮರೆಮಾಡಿ, ರೋಗ ಮರುಕಳಿಸಿತ್ತು. ದೀರ್ಘಕಾಲ ಬೆಳೆಸುವಾಗ ಟಿ ಕೋಶಗಳು ಇಂಥವನ್ನು ಕೊಂದು ಮುಗಿಸುವ ಅವಕಾಶವಾದರೂ ಇರುತ್ತದೆ. ಅವಧಿ ಕುಗ್ಗಿಸಿದರೆ ಅದೂ ಕುಗ್ಗುತ್ತದೆ. ಆದ್ದರಿಂದ ವೈರಸ್ ಹಾಕುವ ಮೊದಲೇ ಕಾಂತೀಯ ಮಣಿಗಳಿಂದ ಸಿಡಿ4, ಸಿಡಿ8 ಗುರುತುಳ್ಳ ಟಿ ಕೋಶಗಳನ್ನು ಮಾತ್ರ ಆರಿಸಿಕೊಳ್ಳುತ್ತೇವೆ. ಮಣಿಗಳಿಗೆ ವೆಚ್ಚವಾಗುತ್ತದೆ. ಆ ವೆಚ್ಚದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಸಾಗರದ ಆ ರೈತರಿಗೆ ಕೊಟ್ಟದ್ದು ಮಾಮೂಲಿ ಅವಧಿಯ ಔಷಧವೇ. ಅವರ ವಿಷಯದಲ್ಲಿ ಬದಲಾದದ್ದು ಕೋಶ ತೆಗೆದ ಸಮಯ ಮಾತ್ರ, ಮುಂದಿನ ಕೀಮೋಗೆ ಮೊದಲು. ಕಾರ್-ಟಿ ಕೋಶಗಳು ಕೆರಳಿಸುವ ಉರಿಯೂತದಿಂದ ಜ್ವರ ಬಂತು, ರಕ್ತದೊತ್ತಡ ಇಳಿಯಿತು, ಆ ಉರಿಯೂತವನ್ನು ತಣಿಸುವ ಟೊಸಿಲಿಝುಮ್ಯಾಬ್‌ನಿಂದ ಹತೋಟಿಗೆ ಬಂತು. ಮಿದುಳಿನ ಮೇಲಿನ ಪರಿಣಾಮ ತಿಳಿಯಲು ಇಂಥ ರೋಗಿಗಳಿಂದ ದಿನವೂ ಒಂದು ವಾಕ್ಯ ಬರೆಸುತ್ತೇವೆ, ನೂರರಿಂದ ಹತ್ತು ಹತ್ತು ಕಳೆಯುತ್ತಾ ಎಣಿಸಲು ಹೇಳುತ್ತೇವೆ. ಅವರು ದಿನವೂ ‘ಗದ್ದೆಗೆ ನೀರು ಬಂದಿದೆ’ ಎಂದು ದುಂಡಗೆ ಬರೆಯುತ್ತಿದ್ದರು. ಒಂದು ಬೆಳಿಗ್ಗೆ ಒತ್ತಕ್ಷರಗಳು ಸಾಲಿನಿಂದ ಕೆಳಗೆ ಜಾರಿದ್ದವು. ಎಣಿಕೆ ಎಪ್ಪತ್ತರಲ್ಲಿ ನಿಂತಿತು. ಕರ್ತವ್ಯದಲ್ಲಿದ್ದ ದಾದಿ ನನಗಿಂತ ಮೊದಲೇ ಅದನ್ನು ಗಮನಿಸಿ ಕರೆ ಮಾಡಿದ್ದರು. ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಶುರು ಮಾಡಿದೆವು, ಅಕ್ಷರಗಳು ಸಾಲಿಗೆ ಮರಳಿದವು. ಅವರ ರಕ್ತದಲ್ಲಿ ಬಿ ಜೀವಕೋಶಗಳು ಇನ್ನೂ ಕಾಣಿಸಿಲ್ಲ. ಹಾಗಾಗಿ ಅವರಿಗೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸೋಂಕು ತಡೆಯುವ ಪ್ರತಿಕಾಯಗಳನ್ನು, ಹೊರಗಿನಿಂದ ಕೊಡುತ್ತಿದ್ದೇವೆ. ಒಬ್ಬರ ಫಲಿತಾಂಶದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುವ ಮಾತನ್ನು ನನಗೂ ಹೇಳಿಕೊಳ್ಳುತ್ತೇನೆ.

ಈಗ ಮುಂದಿರುವ ಯೋಜನೆ ಇದರದೇ ಮುಂದುವರಿಕೆ. ಮರುಕಳಿಸುವ ಸಂಭವ ಹೆಚ್ಚಿರುವ ರೋಗಿಗಳ ಟಿ ಜೀವಕೋಶಗಳನ್ನು ಮೊದಲೇ, ಅವು ಇನ್ನೂ ಸದೃಢವಾಗಿರುವಾಗ, ತೆಗೆದು ಶೀತಲೀಕರಿಸಿ ಇಡುವುದು. ತಾಂತ್ರಿಕವಾಗಿ ಇದರಲ್ಲಿ ಕಷ್ಟವೇನಿಲ್ಲ. ಬಳಕೆಯಾಗುತ್ತದೋ ಇಲ್ಲವೋ ತಿಳಿಯದ ಚೀಲವೊಂದಕ್ಕೆ ವರ್ಷಗಟ್ಟಲೆ ಸಾರಜನಕದ ಖರ್ಚನ್ನು ಯಾರು ಕೊಡಬೇಕು ಎಂಬುದೇ ತಲೆನೋವು. ವಿಮಾ ಕಂಪನಿಗಳು ಸದ್ಯಕ್ಕೆ ಒಲ್ಲೆವೆಂದುಬಿಟ್ಟಿವೆ. ಸಂಶೋಧನಾ ಅನುದಾನದಲ್ಲಿ ಕೆಲವರಿಗಾದರೂ ಆರಂಭಿಸೋಣವೆಂದು ಅರ್ಜಿ ಹಾಕಿದ್ದೇನೆ.